ತುಟಿ ಮುಚ್ಚದ ಪದ

ಮರೋಳ್ ನಾಕಾದ ಹಿಂದೆ, ಟೈರಿನಂಗಡಿಯ ಮೇಲೆ,
ಬೂದು ಸ್ಪಂಜು ಮೆತ್ತಿದ ಕೋಣೆ.
ಇಲ್ಲಿ ಹಗಲೂ ಇಲ್ಲ, ಹಾರ್ನೂ ಇಲ್ಲ.
ಗಾಜಿನಾಚೆ ಸುಬೋಧ ನಾರ್ವೇಕರ ಬೆರಳೆತ್ತುತ್ತಾನೆ,
ಮೂರು ಬೀಪು, ನಾಲ್ಕನೆಯದು ನಾನು.

ಮೂರು ವಾರದಿಂದ ಒಬ್ಬ ಕೊರಿಯಾದ ಹುಡುಗಿಯ
ಗಂಟಲಲ್ಲಿ ನನ್ನ ವಾಸ.
ಅವಳು ಮಕ್ಕಳಿಗೆ ಕತೆ ಬರೆಯುತ್ತಾಳೆ, ಮಕ್ಕಳು ಓದಬಾರದಂಥವು:
ಅತ್ತರೆ ಗೋಡೆ ಕರಗುತ್ತದೆಂದು
ಉಪ್ಪಿನ ಮನೆಯಲ್ಲಿ ಕಣ್ಣೊರೆಸಿಕೊಂಡೇ ಬೆಳೆದ ಮಗು;
ನೆರಳನ್ನು ಒತ್ತೆಯಿಟ್ಟು ಅಕ್ಕಿ ತಂದ ತಂದೆ;
ಮತ್ತೆ, ಹನ್ನೊಂದನೇ ಕಂತಿನಲ್ಲಿ,
ಹೆತ್ತವಳೇ ಕೆಂಪು ದಾರದಲ್ಲಿ
ಬಾಯಿ ಹೊಲಿದ ಹುಡುಗಿ.

ನನ್ನ ಕೆಲಸ ಸಣ್ಣದು.
ಅವಳ ತುಟಿ ಮುಚ್ಚಿದಲ್ಲಿ ಪ ಬ ಮ ಹುಡುಕಬೇಕು,
ತೆರೆದಲ್ಲಿ ಆ.
'ನನಗೆ ಬೇಸರವಾಗಿದೆ' ಉದ್ದವಾಯಿತು; 'ಸಾಕು' ಸಾಕಾಯಿತು.
ನಿಮಿಷಕ್ಕಿಷ್ಟು ಎಂದು ರೊಕ್ಕ. ಅಳುವಿಗೆ ಬೇರೆ ದರವಿಲ್ಲ.

ಅವರ ಭಾಷೆಯಲ್ಲೂ ಅಮ್ಮನಿಗೆ ಹೆಚ್ಚುಕಡಿಮೆ ಅಮ್ಮನೇ.
ತುಟಿ ಕೂಡಿ, ಒಂದು ಚಣ ನಿಂತು, ಬಿಡುತ್ತದೆ.
'ಹೇ ಫುಕಟ್ ಆಹೇ' ಎಂದು ನಗುತ್ತಾನೆ ಸುಬೋಧ,
ಹುಡುಕುವುದೇ ಬೇಡ, ತಾನಾಗಿ ಕೂಡುತ್ತದೆ.

ಕೂಡಬೇಕಿತ್ತು.
ಹೊಲಿಗೆ ಬಿಚ್ಚುವ ದೃಶ್ಯ. ದೊಡ್ಡವಳಾದ ಹುಡುಗಿ
ಕನ್ನಡಿಯ ಮುಂದೆ ಒಂದೊಂದೇ ಎಳೆ ಎಳೆಯುತ್ತಾಳೆ,
ಕೊನೆಯದು ಕೈಗೆ ಬಂದಾಗ ಕರೆಯುತ್ತಾಳೆ.
ಬೀಪು, ಬೀಪು, ಬೀಪು.
ನಾನು ಕರೆದೆ: ಅವ್ವಾ.

ತೆರೆಯ ಮೇಲೆ ಅವಳ ತುಟಿ ಬಿಗಿದೇ ಇತ್ತು,
ನನ್ನ ದನಿ ಅದರ ಮೇಲಿಂದ ಸೋರಿ ಹೋಯಿತು.
ಅವ್ವ ಅನ್ನಲು ತುಟಿ ಮುಚ್ಚಬೇಕಿಲ್ಲ, ಅಂದು ನೋಡಿ,
ಕೆಳತುಟಿಯನ್ನು ಹಲ್ಲು ಹಗುರ ಮುಟ್ಟಿದರೆ ಸಾಕು.
ಗಾಳಿಗೆ ದಾರಿ ಇರುತ್ತದೆ.
ಒನ್ಸ್ ಮೋರ್, ಎಂದ ಗಾಜಿನಾಚೆಯವ.
ಏಳು ಸಲ. ಏಳೂ ಸಲ ಅವ್ವ.

ಅಸಲ್ಫಾ ಗುಡ್ಡದ ಖೋಲಿ. ನನಗೆ ಆರು ವರ್ಷ.
ನಸುಕಿನ ನಾಲ್ಕಕ್ಕೆ ಅವ್ವ ಪೋಳಿ-ಭಾಜಿ ಕೇಂದ್ರಕ್ಕೆ ಹೊರಟರೆ
ಹೊರಗಿಂದ ಬೀಗ, ಒಳಗಿಂದ ಕತೆ:
'ದನಿ ಮಾಡಿದಿ ಅಂದ್ರ ಕತ್ತರಿ ಮುದುಕಿ ಬರತಾಳ,
ನಾಲಿಗಿ ಕೊಯ್ದು ಚೀಲಕ್ಕ ಹಾಕ್ಕೋತಾಳ.'
ಬೀಗಕ್ಕಿಂತ ಕತೆ ಗಟ್ಟಿ ಇತ್ತು.
ಇಲಿ ಬಂದಾಗ, ಜ್ವರ ಬಂದಾಗ,
ಬಿಸಿ ಸ್ಟೋವಿನ ಮೇಲೆ ಅಂಗೈ ಊರಿದ ದಿನ ಕೂಡ
ನಾನು ದನಿ ಮಾಡಲಿಲ್ಲ.
ಈಗ ದನಿಯೇ ಹೊಟ್ಟೆಪಾಡು. ನಗಬೇಡಿ.

ಎಂಟನೇ ಸಲ ಅಮ್ಮ ಎಂದೆ. ಕೂಡಿತು. ಸುಬೋಧ ಚಹಾ ತರಿಸಿದ.

ಹನ್ನೊಂದನೇ ಕಂತು ಅವ್ವನ ಮೊಬೈಲಿಗೆ ಬಂದ ಸಂಜೆ
ಅವಳು ಮೆಂತ್ಯ ಸೋಸುತ್ತಿದ್ದಳು,
ಫೋನು ಡಬ್ಬಿಗೆ ಒರಗಿತ್ತು, ನಾನು ಗೋಡೆಗೆ.
'ಬಾಯಿ ಯಾಕ ಹೊಲದಾರ ಆ ಕೂಸಿಂದು?'
'ದನಿ ಮಾಡಬಾರದಂತ.'
ಸೊಪ್ಪಿನ ಕಡ್ಡಿ ಬೆರಳಲ್ಲೇ ನಿಂತಿತು.
ಕೆಳಗೆ ಮೆಟ್ರೋ ಹಾಯಿತು; ತಾಟು ಸಣ್ಣಗೆ ನಡುಗಿತು.

ಬಹಳ ಹೊತ್ತಿನ ಮೇಲೆ ಅಂದಳು:
'ಆ ಕತಿ ಹೇಳಿ ಇಳೀವಾಗ ನನಗೂ ಅಂಜಿಕಿ ಬರ್ತಿತ್ತು.
ತೊಂಬತ್ತು ಪಾವಟಿಗಿ. ಹೊಳ್ಳಿ ನೋಡ್ತಿದ್ದಿಲ್ಲ.
ಅಕಿ ನನ್ನ ಬೆನ್ನಿಗೇ ಬಂದಂಗ,
ಕತ್ತರಿ ಸಪ್ಪಳ.'
ಆಮೇಲೆ, ಕಡ್ಡಿ ಮುರಿದು,
'ಯಾರ ಹತ್ರ ಬಿಡ್ಲಿ ನಿನ್ನ? ಯಾರಿದ್ರು?'

ಕ್ಷಮಿಸಿದೆನೇ? ಅದು ಹದಿನಾರನೇ ಕಂತು,
ಇನ್ನೂ ಡಬ್ಬಿಂಗ್ ಆಗಿಲ್ಲ.
ಒಂದು ಹಿಡಿ ಮೆಂತ್ಯ ನನ್ನ ಕಡೆಗೂ ಎಳೆದುಕೊಂಡೆ,
ಇಬ್ಬರ ಬೆರಳೂ ಕಹಿ.

ಫೋನಿನಲ್ಲಿ ಹುಡುಗಿ ಕೊನೆಯ ದಾರ ಎಳೆದಳು,
ನನ್ನ ದನಿಯಲ್ಲಿ ಅಮ್ಮಾ ಎಂದಳು.

'ಏನವಾ?' ಅಂದಳು ಅವ್ವ,
ತಲೆ ಎತ್ತದೆ.